ಜಾಗರಕದ ಎರಡನೆಯ ಸಾಲು

ನನ್ನ ಅಕ್ಷರ ಕೋಳಿಕಾಲು, ಮಾತೂ ಅಷ್ಟಕ್ಕಷ್ಟೆ. ಒಂಬತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ಓದುವವರು ಕ್ಷಮಿಸಬೇಕು. ಆದರೂ ನನ್ನ ಸೋದರತ್ತೆಯ ಬಗ್ಗೆ ಬರೆಯಬೇಕೆನಿಸಿದೆ.

ಅತ್ತೆ ಮೂವತ್ತೊಂದು ವರ್ಷ ಒಂದೇ ಅಚ್ಚುಕೂಟದಲ್ಲಿ ಕರಡು ತಿದ್ದಿದಳು. ಶಾಲೆ ಬಿಟ್ಟು ಮೂಲೆ ಹಿಡಿದಿದ್ದ ನನ್ನನ್ನು ಅವಳೇ ಅಲ್ಲಿಗೆ ಕರೆದೊಯ್ದಳು. ನಾನು ಕೈಬರಹದ ಪ್ರತಿಯನ್ನು ಗಟ್ಟಿಯಾಗಿ ಓದಬೇಕು. ಅವಳು ಕರಡಿನ ಮೇಲೆ ಮರದ ಪಟ್ಟಿ ಸರಿಸುತ್ತಾ ಸಾಲುಸಾಲಿಗೂ "ಹೂಂ" ಅನ್ನಬೇಕು. ಹೂಂ ಬಂದರೆ ಮುಂದಿನ ಸಾಲು. ಊಟವಾದ ಮೇಲೆ ತೂಕಡಿಕೆ ಬಾರದಿರಲೆಂದು ಅವಳ ಕತ್ತಿನ ಹಿಂದೆ ಒದ್ದೆ ಕರವಸ್ತ್ರ, ನಾಲಿಗೆಯಡಿ ಒಂದು ಲವಂಗ. ಈಗಲೂ ಲವಂಗದ ವಾಸನೆ ಬಂದರೆ ನನಗೆ ಆ ಮೇಜೇ ಕಣ್ಣಮುಂದೆ ಬರುತ್ತದೆ.

ನನ್ನ ದನಿ ಮಾತ್ರ ಸೊಳ್ಳೆಯದು. "ಪುಟ್ಟೀ, ನೀನು ಓದ್ತಿದ್ದೀಯೋ, ಜೋಗುಳ ಹಾಡ್ತಿದ್ದೀಯೋ?" ಎಂದು ಅತ್ತೆ ನಗುತ್ತಿದ್ದಳು.

ಒಮ್ಮೆ ವೈದ್ಯರ ಪದಕೋಶವೊಂದು ಬಂತು. ಅದರಲ್ಲಿ ‘ಜಾಗರಕ’ ಎಂಬ ಪದ. ಮೊದಲ ಸಾಲಿನಲ್ಲಿ ಅರ್ಥ: ನಿದ್ದೆ ಬಾರದಂತೆ ಎಚ್ಚರ ಉಳಿಸುವ ವಸ್ತು. ಎರಡನೆಯದರಲ್ಲಿ ಹುಟ್ಟು: ಎಚ್ಚರವಾಗಿರು ಎಂಬರ್ಥದ ‘ಜಾಗೃ’ ಧಾತುವಿನಿಂದ, ಜಾಗರಣೆ, ಜಾಗೃತಿ ಇದರ ಒಡಹುಟ್ಟುಗಳು. ಎರಡಕ್ಕೂ ಹೂಂ ಬಂತು.

ಮರುದಿನ ಅಚ್ಚುಕೂಟದ ಮೇಸ್ತ್ರಿ ಅದೇ ಕರಡು ಹಿಡಿದು ಬಂದ. ಅದರಲ್ಲಿ ‘ಜಾಗರಕ’ದ ಎರಡನೆಯ ಸಾಲೇ ಅಚ್ಚಾಗಿರಲಿಲ್ಲ. ಅತ್ತೆ ನಿದ್ದೆಯಲ್ಲೇ ಹೂಂಗುಟ್ಟಿದ್ದಳು.

"ಏನಕ್ಕಾ, ಎಚ್ಚರ ಅನ್ನೋ ಕಡೆಗೇ ಗೊರಕೆನಾ? ಇನ್ನು ನಿಮಗೆ ಹಾಳೆ ಮಡಿಸೋ ಕೆಲಸಾನೇ ಸರಿ."

ಅತ್ತೆ ತನ್ನ ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟುಬಿಟ್ಟಳು. ನನ್ನತ್ತ ಬೆರಳು ತೋರಿಸಲಿಲ್ಲ. ಅದನ್ನು ನೋಡಲಾರದೆ ನಾನು ಎದ್ದು ನಿಂತೆ.

"ತಪ್ಪು ನಂದು! ಅತ್ತೆಗೆ ಕೇಳೋ ಹಾಗೆ ನಾನು ಓದ್ಲಿಲ್ಲ. ಮೊದಲಿಂದ ಪೂರ್ತಿ ಓದ್ತೀನಿ!"

ಅಚ್ಚಿನ ಮೊಳೆ ಜೋಡಿಸುವವರೆಲ್ಲ ಕೆಲಸ ನಿಲ್ಲಿಸಿ ತಿರುಗಿ ನೋಡಿದರು.

"ಇಷ್ಟು ಗಂಟಲು ಎಲ್ಲಿ ಬಚ್ಚಿಟ್ಟಿದ್ಯೇ?" ಎಂದಳು ಅತ್ತೆ.

"ಓದಮ್ಮ. ಆದ್ರೆ ಇದೇ ಗಂಟಲಲ್ಲಿ," ಎಂದು ಮೇಸ್ತ್ರಿ ಹೊರಟುಹೋದ. ಅತ್ತೆ ಪೆನ್ಸಿಲ್ ಮತ್ತೆ ಕೈಗೆತ್ತಿಕೊಂಡಳು. ಮೂರು ದಿನ ಓದಿದೆವು. ಬಿಟ್ಟುಹೋಗಿದ್ದ ಇನ್ನೂ ಎರಡು ಸಾಲು ಸಿಕ್ಕವು. ನಿವೃತ್ತಿಯವರೆಗೂ ಅವಳು ಅದೇ ಮೇಜಿನಲ್ಲಿದ್ದಳು. ಲವಂಗದ ಡಬ್ಬಿ ಮಾತ್ರ ಖಾಲಿಯಾದಮೇಲೆ ಮತ್ತೆ ತುಂಬಲಿಲ್ಲ.

ಈಗ ಅತ್ತೆಗೆ ಕಣ್ಣು ಮಂಜು. ಪಕ್ಕದ ಕೋಣೆಯಲ್ಲಿ ಊಟ ಮುಗಿಸಿ ಕೂತಿದ್ದಾಳೆ. ಇದನ್ನು ಅವಳಿಗೆ ಗಟ್ಟಿಯಾಗಿ ಓದುತ್ತೇನೆ. ಹೂಂ ಬಾರದ ಕಡೆ ತಿದ್ದುತ್ತೇನೆ.