ಏಕಾಂತಯ್ಯನ ಕೈಗುಣ

ಕೆಲವರ ಕೈಗುಣವೇ ಹಾಗೆ. ಅವರು ಬರೀ ಸೊಪ್ಪು ಬೇಯಿಸಿದರೂ ರುಚಿ, ಒಣಕಡ್ಡಿ ನೆಟ್ಟರೂ ಚಿಗುರು. ಕಾಮಾಕ್ಷಿಪಾಳ್ಯದ ಏಕಾಂತಯ್ಯನದು ಯಂತ್ರದ ಕೈಗುಣ ಎಂದು ಮಾಗಡಿ ರಸ್ತೆಯ ಉದ್ದಕ್ಕೂ ಹೇಳುತ್ತಿದ್ದರು. ಸೀಮೆಎಣ್ಣೆ ಸ್ಟೋವು, ಹೊಲಿಗೆ ಯಂತ್ರ, ಸೈಕಲ್ಲು, ಏನನ್ನು ತಂದಿಟ್ಟರೂ ಆತ ಒಂದು ಗಳಿಗೆ ಸುಮ್ಮನೆ ನೋಡಿ ಆಮೇಲೆ ಕೈ ಹಾಕುತ್ತಿದ್ದ. ಕೆಲಸ ಮುಗಿಯಿತೆಂದರೆ ಕೈ ತೊಳೆದು, ಯಂತ್ರಕ್ಕೆ ವಿಭೂತಿ ಎಳೆದು ಕುಂಕುಮವಿಟ್ಟು, ಅಂಗಿ ಜೇಬಿನ ಪುಟ್ಟ ಡಬ್ಬಿಯಿಂದ ಒಂದು ಚಿಟಿಕೆ ಅಕ್ಷತೆ ತೆಗೆದು ಹಾಕಿ, "ಇನ್ನು ಚೆನ್ನಾಗಿರಪ್ಪ" ಎನ್ನುತ್ತಿದ್ದ. ಗಿರಾಕಿಗಳಿಗೆ ರಿಪೇರಿಗಿಂತ ಆ ಆಶೀರ್ವಾದದ ಮೇಲೇ ನಂಬಿಕೆ ಹೆಚ್ಚು. ಅವನಿಗೂ ಒಳಗೊಳಗೇ ಹಾಗೇ ಇತ್ತೆನ್ನಿ.

ಸ್ಟೋವು, ಸೈಕಲ್ಲು ಅವನ ಹೊಟ್ಟೆಪಾಡು. ಕಲಿತ ವಿದ್ಯೆ ಬೇರೆ. ದಂಡಿನ ಕಡೆ ಒಬ್ಬ ಇಂಗ್ಲಿಷ್ ದೊರೆಯ ವರ್ಕ್‌ಶಾಪಿನಲ್ಲಿ ಮೀಸೆ ಚಿಗುರುವ ವಯಸ್ಸಿನಿಂದ ಆತ ತಂಪುಪೆಟ್ಟಿಗೆಗಳನ್ನು ರಿಪೇರಿ ಮಾಡಿಕೊಂಡೇ ಬೆಳೆದವನು. ಸ್ವಾತಂತ್ರ್ಯ ಬಂದ ಕೆಲವು ವರ್ಷಕ್ಕೆ ದೊರೆ ವರ್ಕ್‌ಶಾಪು ಮಾರಿ ಹಡಗು ಹತ್ತಿದ. ಕೊಂಡವರು ಅಲ್ಲಿ ಟೈರು ಮಾರತೊಡಗಿದರು. ಏಕಾಂತಯ್ಯ ತನ್ನ ಸಾಮಾನಿನ ಪೆಟ್ಟಿಗೆ ಹೊತ್ತು ಕಾಮಾಕ್ಷಿಪಾಳ್ಯಕ್ಕೆ ಬಂದು ತಗಡಿನ ಶೆಡ್ಡು ಹಾಕಿಕೊಂಡ. ಆದರೆ ಆ ಸೀಮೆಯಲ್ಲಿ ಆಗ ತಂಪುಪೆಟ್ಟಿಗೆ ಕಂಡವರೇ ಇಲ್ಲ. ನೀರು ತಣ್ಣಗಿರಬೇಕೆಂದರೆ ಮರಳ ಮೇಲೆ ಮಡಕೆ, ಅಷ್ಟೇ.

"ತಂಗಳು ತಿನ್ನೋಕೆ ಒಂದು ಪೆಟ್ಟಿಗೆ ಬೇರೆ ಕೇಡು. ನಿಮ್ಮ ವಿದ್ಯೆ ಇಲ್ಲಿ ಯಾರಿಗೆ ಬೇಕು?" ಎಂದು ಹೆಂಡತಿ ಸಿದ್ದಗಂಗಮ್ಮ ಕೇಳುತ್ತಿದ್ದಳು. ಕೇಳಿ ಕೇಳಿ ಸಾಕಾಗಿ, ಬಟ್ಟೆ ಮಿಲ್ಲಿನಲ್ಲಿ ಮೇಸ್ತ್ರಿಯಾಗಿದ್ದ ತನ್ನ ಅಣ್ಣ ಗಂಗಾಧರಯ್ಯನಿಗೆ ಹೇಳಿ ಗಂಡನಿಗೊಂದು ಕೆಲಸ ಗೊತ್ತುಮಾಡಿಸಿದ್ದಳು. ಸೋಮವಾರ ಬೆಳಗಿನ ಪಾಳಿಗೆ ಹಾಜರಾಗಬೇಕು. ಅವಳದು ತಪ್ಪೆಂದು ಯಾರೂ ಹೇಳಲಾರರು. ಸಂಸಾರ ತೂಗಿಸುವವಳು ಅವಳು. ಆದರೆ ಮಿಲ್ಲಿನ ಗೇಟು ದಾಟಿದ ದಿನ ತನ್ನ ವಿದ್ಯೆಗೆ ಎಳ್ಳುನೀರು ಬಿಟ್ಟ ಹಾಗೆ ಎಂಬುದು ಏಕಾಂತಯ್ಯನಿಗೆ ಗೊತ್ತಿತ್ತು.

ಆ ವಿದ್ಯೆಗೆ ಉಳಿದಿದ್ದ ಒಂದೇ ಒಂದು ಎಳೆಯೆಂದರೆ ರಾಜಾಜಿನಗರದ ಡಾಕ್ಟರ್ ಪ್ರಭಾ ಅವರ ಹೆರಿಗೆಮನೆಯ ಫ್ರಿಜ್ಜು. ಆಗಿನ್ನೂ ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಅಮೆರಿಕದಲ್ಲಿದ್ದ ಡಾಕ್ಟರ ತಮ್ಮ ಅಕ್ಕನಿಗಾಗಿ ಅದನ್ನು ಹಡಗಿನಲ್ಲಿ ಕಳಿಸಿಕೊಟ್ಟಿದ್ದ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದಾಗ ಕೊಡುವ ಇಂಜೆಕ್ಷನ್ನು ತಂಪಿನಲ್ಲಿಲ್ಲದಿದ್ದರೆ ಕೆಟ್ಟುಹೋಗುತ್ತದೆ. ಅದಕ್ಕೆ ಈ ಪೆಟ್ಟಿಗೆ.

ಅದನ್ನು ಜೋಡಿಸಲು ಹೋದ ದಿನ ಏಕಾಂತಯ್ಯ ಮದುವೆ ಗಂಡಿನ ಹಾಗೆ ಒಗೆದ ಅಂಗಿ ಹಾಕಿಕೊಂಡಿದ್ದ. ಅಂಥದ್ದನ್ನು ಅವನು ಕೇಳಿದ್ದನೇ ಹೊರತು ನೋಡಿರಲಿಲ್ಲ. ದಂಡಿನ ಹಳೆಯ ಪೆಟ್ಟಿಗೆಗಳಲ್ಲಿ ಹಿಮ ಕಟ್ಟಿದರೆ ನಾವೇ ಆರಿಸಿ, ಕರಗುವವರೆಗೆ ಕಾದು, ನೀರನ್ನು ತಟ್ಟೆಯಲ್ಲಿ ಹಿಡಿದು ಚೆಲ್ಲಬೇಕು. ಇದು ತನ್ನ ಹಿಮವನ್ನು ತಾನೇ ಬಿಡಿಸಿಕೊಳ್ಳುತ್ತಿತ್ತು. ಒಳಗೊಂದು ಗಡಿಯಾರ, ಹೊತ್ತಿಗೆ ಸರಿಯಾಗಿ ಅದು ತಂಪನ್ನು ನಿಲ್ಲಿಸಿ, ಬಿಸಿಯಾಗಿ ಕಾಯುವ ತಂತಿಗೆ ಕರೆಂಟು ಬಿಡುತ್ತಿತ್ತು. ಹಿಮ ಕರಗಿ ಕೆಳಗಿನ ಸಣ್ಣ ದೋಣಿಗೆ ಇಳಿದು, ಅಲ್ಲಿಂದ ಒಂದು ಕೊಳವೆಯಲ್ಲಿ ಹರಿದು, ಹಿಂಬದಿಯ ತಟ್ಟೆ ಸೇರಿ ಆರಿಹೋಗುತ್ತಿತ್ತು. ಏಕಾಂತಯ್ಯ ಮನಸಾರೆ ಮೆಚ್ಚಿದ. ಕುಂಕುಮವನ್ನು ಬಾಗಿಲಿಗಿಟ್ಟ. ಅಕ್ಷತೆಯನ್ನು ಮಾತ್ರ ಹೊರಗೆ ಹಾಕಲು ಮನಸ್ಸು ಬರಲಿಲ್ಲ. ಗರ್ಭಗುಡಿ ಬಿಟ್ಟು ಪ್ರಾಕಾರಕ್ಕೆ ಪೂಜೆ ಮಾಡುವುದುಂಟೇ? ಒಳಗೆ ತಂಪು ಹುಟ್ಟುವ ಆ ಬಿಳಿ ಹಲಗೆಯ ಮೇಲೇ ಹಾಕಿ ಕೈ ಮುಗಿದ.

ಕೆಲವೇ ವಾರಕ್ಕೆ ಕರೆ ಬಂತು. ಮೇಲೆ ಹಿಮ ಗಟ್ಟಿಯಾಗಿ ಕಟ್ಟಿಕೊಂಡಿತ್ತು, ಕೆಳಗೆ ಔಷಧಿಯ ಅಂತಸ್ತಿನಲ್ಲಿ ತಂಪೇ ಇರಲಿಲ್ಲ. ಏಕಾಂತಯ್ಯ ಬಿಸಿನೀರಿನ ಪಾತ್ರೆ ಒಳಗಿಟ್ಟು, ಕರಗಿದ್ದನ್ನು ಕರಗಿದಂತೆ ಬಟ್ಟೆಯಲ್ಲಿ ಒರೆಸಿ ತೆಗೆದ. ಗಡಿಯಾರದ ಒಳಗೆ ಒಂದಿಷ್ಟು ಮಸಿ ಕಂಡಿತು. ಉಜ್ಜಿ ತೆಗೆದು, ಸಿಕ್ಕಿಬಿದ್ದ ಕಳ್ಳ ಎಂದು ಹಿಗ್ಗಿದ. ಹೋಗುವಾಗ ದೊಡ್ಡ ಮನುಷ್ಯನ ಹಾಗೆ ಇನ್ನೊಂದು ಮಾತೂ ಸೇರಿಸಿದ: "ಬಾಗಿಲು ಸುಮ್ ಸುಮ್ನೆ ತೆಗೆದಿಟ್ರೂ ಹಿಮ ಜಾಸ್ತಿ ಕಟ್ಟುತ್ತೆ ಅಮ್ಮ. ಸ್ವಲ್ಪ ಹೇಳಿ ಅವರಿಗೆ." ಮತ್ತೆ ವಿಭೂತಿ, ಮತ್ತೆ ಅಕ್ಷತೆ.

'ಅವರು' ಎಂದರೆ ಆಯಾ ಹನುಮಕ್ಕ. ಫ್ರಿಜ್ಜಿನ ಬಾಗಿಲು ತೆಗೆದು ಹಾಕುವವಳು ಅವಳೊಬ್ಬಳೇ. ಪೆಟ್ಟಿಗೆ ಮತ್ತೆ ಹಿಮ ಕಟ್ಟಿದಾಗ ಬೈಗುಳ ತಿಂದವಳೂ ಅವಳೇ. ಇಂಜೆಕ್ಷನ್ನುಗಳನ್ನು ಐಸಿನ ಫ್ಲಾಸ್ಕಿನಲ್ಲಿಟ್ಟು ಜೀವ ಕೈಯಲ್ಲಿ ಹಿಡಿದು ಕಾಯುತ್ತಿದ್ದ ಡಾಕ್ಟರು ಶನಿವಾರ ಏಕಾಂತಯ್ಯನನ್ನು ಕರೆಸಿ ಖಡಾಖಂಡಿತವಾಗಿ ಹೇಳಿದರು:

"ಏಕಾಂತಯ್ಯನೋರೆ, ಇದೇ ಕೊನೆ. ನಾಳೆ ಸಾಯಂಕಾಲದೊಳಗೆ ಸರಿಹೋಗದಿದ್ರೆ ಇದನ್ನ ಕಳಿಸಿಬಿಟ್ಟು ಸೀಮೆಎಣ್ಣೇಲಿ ನಡೆಯೋ ಫ್ರಿಜ್ಜು ತರಿಸ್ತೀನಿ. ಬಾಣಂತಿಯರ ಜೀವದ ಪ್ರಶ್ನೆ."

"ಆಗಲಿ ಅಮ್ಮ" ಎಂದ ಏಕಾಂತಯ್ಯ. ಸರಿ, ನಾಡಿದ್ದು ಮಿಲ್ಲೇ ಗತಿ ಎಂದು ಮನಸ್ಸು ಹೇಳುತ್ತಿತ್ತು.

ಮೊದಲು ಗಡಿಯಾರ ನೋಡಿದ. ಸರಿಯಾಗಿಯೇ ತಿರುಗುತ್ತಿತ್ತು. ಕೈಯಿಂದ ಮುಂದಕ್ಕೆ ತಿರುಗಿಸಿ ಕಾಯುವ ತಂತಿಗೆ ಕರೆಂಟು ಬಿಟ್ಟ. ಅದೂ ಬೆಚ್ಚಗಾಯಿತು. ಎರಡೂ ನೆಟ್ಟಗಿದ್ದ ಮೇಲೆ ಹಿಮ ಯಾಕೆ ಉಳಿಯಬೇಕು? ಏಕಾಂತಯ್ಯ ನೆಲದ ಮೇಲೆ ಕುಳಿತುಬಿಟ್ಟ.

ನೆಲ ಒರೆಸುತ್ತಿದ್ದ ಹನುಮಕ್ಕ ಬಟ್ಟೆ ಹಿಂಡುತ್ತಾ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ" ಎಂದಳು. "ನೀವು ಬಂದು ಹೋದ ಮೇಲೇನೇ ಇದು ಕೆಡೋದು. ನಿಮ್ಮ ಕೈಗುಣ ಬಲು ದೊಡ್ಡದು ಅಂತಾರೆ, ನಮ್ಮ ಪೆಟ್ಟಿಗೇಗೆ ಮಾತ್ರ ಆಗಿಬರಲಿಲ್ಲ ಕಣಪ್ಪ."

ಬೈದಿದ್ದರೆ ಏಕಾಂತಯ್ಯ ತಡೆದುಕೊಳ್ಳುತ್ತಿದ್ದ. ಈ ಮಾತು ನೇರ ಎದೆಗೆ ತಾಕಿತು. ಆದರೂ ಹಟಕ್ಕೆ ಬಿದ್ದ. ಈ ಸಲ ಬಿಸಿನೀರು ಬೇಡ, ಬಟ್ಟೆ ಬೇಡ. ಇದು ತನ್ನ ಪಾಡಿಗೆ ತಾನು ಕರಗಲಿ, ನಾನು ನೋಡುತ್ತ ಕೂತಿರುತ್ತೇನೆ ಎಂದುಕೊಂಡ.

ಕೂತ. ಹಿಮ ಬೆವರಿತು, ಹನಿಯಿತು, ಹನಿ ಧಾರೆಯಾಗಿ ದೋಣಿಗೆ ಇಳಿಯಿತು. ದೋಣಿ ತುಂಬಿತು. ತುಂಬಿದ್ದು ಹಾಗೇ ನಿಂತಿತು, ಕೆರೆಯ ತೂಬು ಮುಚ್ಚಿದಂತೆ. ಹಿಂಬದಿಯ ತಟ್ಟೆ ಮುಟ್ಟಿ ನೋಡಿದ, ಒಣಗಿತ್ತು. ಹಿಮ ಕರಗುತ್ತಲೇ ಇತ್ತು, ನೀರಿಗೆ ಹೋಗಲು ದಾರಿ ಇರಲಿಲ್ಲ. ತಂಪು ಮರಳಿದೊಡನೆ ನಿಂತ ನೀರೇ ಮತ್ತೆ ಗಡ್ಡೆ ಕಟ್ಟುತ್ತಿತ್ತು. ಹಿಂದಿನ ಸಲ ಬಟ್ಟೆ ಹಿಡಿದು ಒರೆಸುತ್ತಿದ್ದವನಿಗೆ ಇದು ಹೇಗೆ ಕಾಣಬೇಕು? ಅವನು ಪಳಗಿದ್ದ ಪೆಟ್ಟಿಗೆಗಳಲ್ಲಿ ಕೊಳವೆ ಎಂಬುದೇ ಇರಲಿಲ್ಲ.

ಚೀಲದಿಂದ ಒಂದು ಸೈಕಲ್ ಕಡ್ಡಿ ತೆಗೆದು, ತುದಿ ಬಗ್ಗಿಸಿ, ಕೊಳವೆಗೆ ತೂರಿಸಿ ಮೆಲ್ಲಗೆ ಎಳೆದ. ಅಂಗೈಗೆ ಹಳದಿ ಮುದ್ದೆಯೊಂದು ಬಿತ್ತು. ಹುಳಿ ವಾಸನೆ. ಬೆರಳಲ್ಲಿ ಬಿಡಿಸಿದರೆ ನೀರು ಕುಡಿದು ಉಬ್ಬಿದ ಅಕ್ಕಿ ಕಾಳು, ಅರಿಶಿನದ ಅಕ್ಕಿ ಕಾಳು.

ಅವನಿಗೆ ಅಂಗಿಯ ಜೇಬು ಭಾರವಾದಂತೆ ಅನಿಸಿತು.

ಹರಸಿದ್ದೇ ಮುಳುವಾಗಿತ್ತು. ಬಂದಾಗಲೆಲ್ಲ ಭಕ್ತಿಯಿಂದ ಹಾಕಿದ ಕಾಳು ಮೊದಲ ನೀರಿಗೇ ಜಾರಿ ಕೊಳವೆ ಸೇರಿ, ಅಲ್ಲೇ ಊದಿಕೊಂಡು, ಬಿರಡೆ ಜಡಿದಂತೆ ಕೂತಿತ್ತು. ಹನುಮಕ್ಕ ಆಡಿದ್ದು ಅಕ್ಷರಶಃ ನಿಜ.

ಹನುಮಕ್ಕ ಆಗಲೇ ಹೊರಗೆ ಹೋಗಿದ್ದಳು, ಕೋಣೆಯಲ್ಲಿ ಅವನೊಬ್ಬನೇ. ಕಾಳನ್ನು ಕಿಟಕಿಯಿಂದಾಚೆ ಎಸೆದು, 'ಕೊಳವೇಲಿ ಕಸ ಇತ್ತು' ಎಂದರೆ ಮುಗಿಯಿತು. ಪೆಟ್ಟಿಗೆಯೂ ಸರಿ, ಹೆಸರೂ ಉಳಿಯುತ್ತದೆ, ಮಿಲ್ಲಿನ ಕಡೆ ತಲೆ ಹಾಕಬೇಕಿಲ್ಲ. ನಿಜ ಹೇಳಿದರೋ, ರಿಪೇರಿ ಮಾಡಲು ಬಂದು ಕೆಡಿಸಿ ಹೋದವನನ್ನು ಇನ್ನು ಯಾರು ಕರೆದಾರು? ಆಸೆ ಹುಟ್ಟಲಿಲ್ಲ ಎಂದು ನಾನು ಹೇಳಲಾರೆ. ಹುಟ್ಟಿತು, ಕಿಟಕಿಯವರೆಗೂ ಹೋದ. ಆದರೆ ಹೊರಗೆ ಡಾಕ್ಟರು ಹನುಮಕ್ಕನಿಗೆ, "ಇನ್ನಾದ್ರೂ ಆ ಬಾಗಿಲು ಸರಿಯಾಗಿ ಹಾಕೇ ತಾಯಿ" ಎನ್ನುವುದು ಕೇಳಿಸಿತು. "ಹಾಕೇ ಹಾಕ್ತೀನಿ ಅಮ್ಮ, ಯಾರೂ ನಂಬಲ್ಲ" ಎಂದಳು ಹನುಮಕ್ಕ. ಅವಳ ತಲೆಗೆ ಆ ಮಾತು ಕಟ್ಟಿದವನು ತಾನೇ. ಏಕಾಂತಯ್ಯನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಕಾಳು ಹಿಡಿದುಕೊಂಡೇ ಹೊರಗೆ ಬಂದ.

"ಅಮ್ಮ, ಹನುಮಕ್ಕನ ತಪ್ಪು ಏನೂ ಇಲ್ಲ. ನಂದೇ ತಪ್ಪು" ಎಂದು ಅಂಗೈ ಚಾಚಿದ. "ನಾನು ಹಾಕಿದ ಅಕ್ಷತೆ. ಕೊಳವೆಗೆ ಅಡ್ಡ ಕೂತಿದ್ದು ಇದೇ."

ಡಾಕ್ಟರು ಆ ಕೈಯನ್ನು ನೋಡಿದರು, ಅವನ ಮುಖ ನೋಡಿದರು. ಆಮೇಲೆ ನಗು ಶುರುವಾಯಿತು ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. "ಹೊಟ್ಟೆ ಒಳಗೆ ಹತ್ತಿ ಮರೆತು ಹೊಲಿಗೆ ಹಾಕಿದ ಹಾಗಾಯ್ತಲ್ರೀ" ಎಂದರು. ನಗು ನಿಂತ ಮೇಲೆ ಹನುಮಕ್ಕನ ಕಡೆ ತಿರುಗಿ, "ಸುಮ್ಮನೆ ಬೈದೆ ಕಣೇ ನಿನ್ನ" ಎಂದರು. ಹನುಮಕ್ಕನ ಕಣ್ಣು ತುಂಬಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ, "ನೋಡಿದ್ರಾ, ಕೈಗುಣ ಅಂತ ನಾ ಹೇಳ್ಲಿಲ್ವಾ" ಎಂದಳು.

ಏಕಾಂತಯ್ಯ ಕೊಳವೆಯನ್ನು ಬಿಸಿನೀರಿನಲ್ಲಿ ತೊಳೆದು, ಊದಿ, ನೀರು ಸರಾಗವಾಗಿ ಇಳಿಯುವುದನ್ನು ಕಣ್ಣಾರೆ ನೋಡಿ ಮನೆಗೆ ಹೋದ. ಈ ಸಲ ಅಕ್ಷತೆಯ ಡಬ್ಬಿ ಮುಟ್ಟಲಿಲ್ಲ.

ಭಾನುವಾರ ಸಾಯಂಕಾಲ ಹೋದಾಗ ಪೆಟ್ಟಿಗೆ ತಾನಾಗಿಯೇ ಹಿಮ ಬಿಡಿಸಿಕೊಂಡಿತ್ತು. ಬಿಳಿ ಹಲಗೆ ಸ್ವಚ್ಛ, ಹಿಂಬದಿಯ ತಟ್ಟೆಯಲ್ಲಿ ತಿಳಿ ನೀರು. ಇಂಜೆಕ್ಷನ್ನುಗಳು ತಮ್ಮ ಅಂತಸ್ತಿಗೆ ಮರಳಿದ್ದವು. ತಲೆ ತಗ್ಗಿಸಿ ಹೊರಟ ಏಕಾಂತಯ್ಯನನ್ನು ಡಾಕ್ಟರು ನಿಲ್ಲಿಸಿದರು.

"ಚಾಮರಾಜಪೇಟೇಲಿ ನನ್ನ ಸ್ನೇಹಿತೆ ಒಬ್ರು ಲ್ಯಾಬೊರೇಟರಿ ಇಟ್ಟಿದಾರೆ. ಅವರ ಫ್ರಿಜ್ಜು ನಿಂತುಹೋಗಿದೆ. ನಾಳೆ ಬೆಳಗ್ಗೆ ಹೋಗಿ ನೋಡಿ. ನಿಮ್ಮ ವಿಷಯ ಹೇಳಿದೀನಿ."

"ಏನಂತ ಹೇಳಿದ್ರಿ ಅಮ್ಮ?"

"ತಪ್ಪಾದ್ರೆ ತಾನೇ ಬಂದು ಹೇಳೋ ಮೆಕ್ಯಾನಿಕ್ಕು ಅಂತ. ಅಂಥವರು ನಮ್ಮ ಡಾಕ್ಟರುಗಳಲ್ಲೂ ಕಮ್ಮಿ ಕಣ್ರೀ."

ಮನೆಗೆ ಬಂದರೆ ಸಿದ್ದಗಂಗಮ್ಮ ಮಿಲ್ಲಿಗೆಂದು ಖಾಕಿ ಅಂಗಿ ಒಗೆದು ಮಡಿಸಿಟ್ಟಿದ್ದಳು. ಗಂಗಾಧರಯ್ಯ ಜಗಲಿಯ ಮೇಲೆ ಕೂತು, "ನಾಳೆ ನಾನೇ ಕರ್ಕೊಂಡು ಹೋಗ್ತೀನಿ ಭಾವ" ಎಂದ. ಏಕಾಂತಯ್ಯ ಇಬ್ಬರಿಗೂ ನಡೆದದ್ದನ್ನು ಒಂದೂ ಬಿಡದೆ ಹೇಳಿದ, ಕಿಟಕಿಯವರೆಗೆ ಹೋಗಿದ್ದನ್ನೂ ಹೇಳಿದ. ಸಿದ್ದಗಂಗಮ್ಮ ಅಕ್ಷತೆಯ ಮಾತಿಗೆ ಸೆರಗು ಬಾಯಿಗಿಟ್ಟು ನಕ್ಕಳು. ಡಾಕ್ಟರ ಮಾತಿಗೆ ನಗು ನಿಲ್ಲಿಸಿದಳು. ಖಾಕಿ ಅಂಗಿಯನ್ನು ಎತ್ತಿ ಬಟ್ಟೆಯ ಟ್ರಂಕಿನೊಳಗೆ ಇಟ್ಟಳು.

"ಅಣ್ಣ, ಆ ಜಾಗ ಇನ್ಯಾರಿಗಾದ್ರೂ ಕೊಡಿಸು" ಎಂದಳು. "ಇವರಿಗೆ ನಾಳೆ ಕೆಲಸ ಇದೆ."

ಸೋಮವಾರ ಬೆಳಗ್ಗೆ ಮಿಲ್ಲಿನ ಸೈರನ್ನು ಕೂಗಿದಾಗ ಏಕಾಂತಯ್ಯ ಜಗಲಿಯಲ್ಲಿ ಸಾಮಾನಿನ ಪೆಟ್ಟಿಗೆಯನ್ನು ಸೈಕಲ್ಲಿಗೆ ಕಟ್ಟುತ್ತಿದ್ದ. ಸಿದ್ದಗಂಗಮ್ಮ ದೇವರ ಮುಂದಿನ ಬಟ್ಟಲಿನಿಂದ ಅಕ್ಷತೆ ತೆಗೆದುಕೊಂಡು ಬಂದಳು. ಪೆಟ್ಟಿಗೆಗೆ ಹಾಕಲು ಕೈ ಎತ್ತಿದವಳು ತಡೆದಳು.

"ಮುಚ್ಚಳ ಸರಿಯಾಗಿ ಮುಚ್ಚಿದೀರಿ ತಾನೆ?"

ಮುಚ್ಚಿದ್ದ. ಆದರೂ ಬಗ್ಗಿ ಇನ್ನೊಂದು ಸಲ ಅದುಮಿ ನೋಡಿ, "ಹೂಂ, ಈಗ ಹಾಕು" ಎಂದ.