ಪುಟ್ಟಲಕ್ಷ್ಮಿ ಮರೆತಿರಲಿಲ್ಲ

ಓದಲು ಬಾರದ ಒಬ್ಬ ಹುಡುಗಿಗೆ ‘ನಿನಗೆ ಓದು ಬರುತ್ತದೆ’ ಎಂದು ನಾನು ಸುಳ್ಳು ಹೇಳಿದೆ. ತಿಳಿಯದೆ ಹೇಳಿದ್ದಲ್ಲ — ತಿಳಿದೇ ಹೇಳಿದ್ದು. ಅವಳ ಮುಖ ನೋಡಿಕೊಂಡೇ ಹೇಳಿದ್ದು. ನಾನು ಅವಳ ಟೀಚರು. ನಂಬದೆ ಅವಳು ಇನ್ನೇನು ಮಾಡಿಯಾಳು?

ಹನ್ನೆರಡು ಹದಿಮೂರು ವರ್ಷದ ಹಿಂದಿನ ಮಾತು. ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಾಠ ಮಾಡುತ್ತಿದ್ದೆ. ಒಂಬತ್ತನೇ ಕ್ಲಾಸಿಗೆ ಬಂದರೂ ಅಕ್ಷರ ಕೂಡಿಸಿ ಓದಲಾಗದ ಮಕ್ಕಳು ಅಲ್ಲಿ ಒಬ್ಬಿಬ್ಬರಲ್ಲ. ಅಂಥವರನ್ನು ಸಂಜೆ ಉಳಿಸಿಕೊಂಡು ನಾನೇ ಒಂದು ಓದಿನ ಕ್ಲಾಸು ಶುರುಮಾಡಿದೆ. ಯಾರೂ ಹೇಳಿರಲಿಲ್ಲ, ಮನಸ್ಸಿನಿಂದಲೇ ಮಾಡಿದ್ದು — ಇದನ್ನು ಹೇಳಿಕೊಂಡು ನನ್ನ ತಪ್ಪನ್ನು ಹಗುರ ಮಾಡಿಕೊಳ್ಳುವುದಿಲ್ಲ.

ಗೋಡೆಗೆ ಒಂದು ಡ್ರಾಯಿಂಗ್ ಶೀಟು ಅಂಟಿಸಿ ಮಕ್ಕಳ ಹೆಸರು ಬರೆದಿದ್ದೆ. ಅಕ್ಷರ ಗುರುತು ಹಿಡಿಯುವವರಿಗೆ ಕೆಂಪು ಬೊಟ್ಟು, ಪದ ಓದುವವರಿಗೆ ಹಳದಿ, ಪಾಠ ಓದಿ ಅರ್ಥ ಹೇಳುವವರಿಗೆ ಹಸಿರು. ಹಣೆಗಿಡುವ ಸ್ಟಿಕ್ಕರ್ ಬೊಟ್ಟುಗಳೇ. ಯಾವ ಮಗು ಎಲ್ಲಿದೆ ಎಂದು ಒಂದು ನೋಟಕ್ಕೆ ಗೊತ್ತಾಗುತ್ತಿತ್ತು.

ಪುಟ್ಟಲಕ್ಷ್ಮಿ ಬಹಳ ದಿನದಿಂದ ಕೆಂಪಿನಲ್ಲೇ ಇದ್ದಳು. ಅಪ್ಪ ಆಲೆಮನೆಯಲ್ಲಿ ಬೆಲ್ಲ ಕಾಯಿಸುವವನು. ಅವಳದು ಸಣ್ಣ ಧ್ವನಿ, ದೊಡ್ಡ ಕಣ್ಣು. ಒತ್ತಕ್ಷರ ಬಂದರೆ ಸಾಕು, ಬೆರಳು ಪುಸ್ತಕದ ಮೇಲೆ ನಿಂತುಬಿಡುತ್ತಿತ್ತು. ಆದರೆ ಕೇಳಿದ್ದನ್ನು ಅವಳಷ್ಟು ಆಳವಾಗಿ ಹಿಡಿಯುವ ಇನ್ನೊಂದು ಮಗುವನ್ನು ನಾನು ಕಂಡಿಲ್ಲ.

ಒಂದು ಸಂಜೆ ಮಕ್ಕಳ ಪುಸ್ತಕದಲ್ಲಿದ್ದ ಚಿಕ್ಕ ಕಥೆಯೊಂದನ್ನು ಓದಿ ಹೇಳಿದೆ. ಮನೆಯಲ್ಲಿ ಒಂದೇ ಮುದ್ದೆ ಉಳಿದಿದೆ. ಅಜ್ಜಿ ಅದನ್ನು ಮೊಮ್ಮಗನಿಗೆ ಬಡಿಸಿ, ‘ನನಗೆ ಹಸಿವಿಲ್ಲ’ ಎಂದು ಗೋಡೆಯ ಕಡೆ ತಿರುಗಿ ಕೂರುತ್ತಾಳೆ. ಅಜ್ಜಿ ಯಾಕೆ ಹಾಗೆ ಹೇಳಿದಳು ಎಂದು ಕೇಳಿದೆ. ಹೊಟ್ಟೆ ತುಂಬಿತ್ತು ಎಂದರು ಎಲ್ಲರೂ. ಪುಟ್ಟಲಕ್ಷ್ಮಿ ಮಾತ್ರ ತಲೆಯಾಡಿಸಿದಳು.

“ಸುಳ್ಳು ಕಣ್ ಮಿಸ್. ಹಸಿವಿಲ್ದಿದ್ರೆ ಗ್ವಾಡೆ ಕಡೀಕ್ ಯಾಕ್ ತಿರಿಕಂಡಾಳು? ಮುದ್ದೆ ನೋಡುದ್ರೆ ಬಾಯಲ್ ನೀರ್ ಬತ್ತದೆ, ಮೊಮ್ಮಗ ಕಂಡ್‌ಬುಡ್ತನೆ ಅಂತ.”

ಕಥೆಯ ಒಳಗನ್ನು ಹೀಗೆ ಕಾಣುವ ಹುಡುಗಿಗೆ ಅಕ್ಷರವೊಂದು ಒಲಿದುಬಿಟ್ಟರೆ — ಎಂದು ಅಂದು ಎಷ್ಟೆಲ್ಲ ಅಂದುಕೊಂಡೆ.

ಆಮೇಲೆ ತಾಲ್ಲೂಕಿನ ವಿದ್ಯಾ ಇಲಾಖೆಯ ಸಾಹೇಬರು ನಮ್ಮ ಓದಿನ ಕ್ಲಾಸು ನೋಡಲು ಬರುತ್ತಾರೆಂದು ಸುದ್ದಿ ಬಂತು. “ಅಷ್ಟೊತ್ತಿಗೆ ಆ ಕೆಂಪು ಬೊಟ್ಟೆಲ್ಲ ಏನಾದ್ರೂ ಮಾಡಿ ಮೇಡಮ್” ಎಂದರು ಹೆಡ್‌ಮಾಸ್ಟರು. ಅವರು ಒತ್ತಾಯಿಸಲಿಲ್ಲ, ನಗುತ್ತಲೇ ಅಂದಿದ್ದು. ಹೆಸರಿನ ಆಸೆ ಹತ್ತಿದ್ದು ನನಗೆ.

ಸಾಹೇಬರು ಬರುವ ಹಿಂದಿನ ದಿನ ಪುಟ್ಟಲಕ್ಷ್ಮಿ ತಾನಾಗಿಯೇ ಎದ್ದು ಅಜ್ಜಿಯ ಕಥೆ ಓದುತ್ತೇನೆಂದಳು. ಎಲ್ಲೂ ತಡವರಿಸದೆ, ನಿಲ್ಲಿಸುವಲ್ಲಿ ನಿಲ್ಲಿಸಿ, ಅಜ್ಜಿಯ ಮಾತಿಗೆ ಅಜ್ಜಿಯದೇ ದನಿ ಕೊಟ್ಟು ಓದುತ್ತ ಹೋದಳು. ನನಗೆ ಕಣ್ಣು ತುಂಬಿತು. ಬೆನ್ನು ತಟ್ಟಲು ಹತ್ತಿರ ಹೋದೆ. ಪುಸ್ತಕ ನೋಡಿದೆ.

ಅವಳು ತೆರೆದಿದ್ದ ಪುಟದಲ್ಲಿ ಆ ಕಥೆಯೇ ಇರಲಿಲ್ಲ. ಬೇರೆ ಯಾವುದೋ ಪದ್ಯವಿತ್ತು. ಅದರ ಮೇಲೆ ಅವಳ ಬೆರಳು ಸಾಲಿನಿಂದ ಸಾಲಿಗೆ ಅಷ್ಟು ವಿಶ್ವಾಸದಿಂದ ಓಡುತ್ತಿತ್ತು. ಆಮೇಲೂ ಎಷ್ಟೋ ಸಂಜೆ ನಾನು ಓದಿದ್ದನ್ನು ಕೇಳಿ ಕೇಳಿ ಕಥೆಯಷ್ಟೂ ಅವಳಿಗೆ ಬಾಯಿಗೆ ಬಂದಿತ್ತು.

ಆಗ ನಾನು ಏನು ಮಾಡಬೇಕಿತ್ತೆಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ನಾನು ಮಾಡಿದ್ದೇ ಬೇರೆ. ಏನೂ ಕಾಣದವಳಂತೆ ಕೈಚಾಚಿ, ಪುಟ ತಿರುವಿ, ಆ ಕಥೆಯಿದ್ದ ಪುಟವನ್ನು ಅವಳ ಬೆರಳ ಕೆಳಗೆ ಇಟ್ಟೆ. “ನಾಳೆ ಇದೇ ಪುಟ ತೆಗಿ” ಎಂದೆ.

ಮರುದಿನ ಸಾಹೇಬರ ಮುಂದೆ ಅವಳನ್ನೇ ಎಬ್ಬಿಸಿದೆ. ಓದಿದಳು. ಅಜ್ಜಿ ಗೋಡೆ ಕಡೆ ತಿರುಗಿದ್ದು ಯಾಕೆಂದೂ ಹೇಳಿದಳು. ಸಾಹೇಬರು ಚಪ್ಪಾಳೆ ತಟ್ಟಿದರು. ಅವರ ಕೈಯಿಂದಲೇ ಅವಳ ಹೆಸರಿನ ಮುಂದೆ ಹಸಿರು ಬೊಟ್ಟು ಹಾಕಿಸಿದೆವು.

ಎಲ್ಲರೂ ಹೋದ ಮೇಲೆ ಅವಳು ಹಿಂದೆ ಉಳಿದಳು.

“ಮಿಸ್, ಅಕ್ಸರ ನೋಡ್ದೇನೇ ಬಾಯಿಗ್ ಬಂದ್‌ಬುಡ್ತದೆ. ಅದೂ ಓದೋದೇಯಾ?”

ಅನುಮಾನ ಅವಳಿಗೇ ಇತ್ತು. ಬಾಗಿಲು ಅವಳೇ ತೆರೆದುಕೊಟ್ಟಿದ್ದಳು, ನಾನು ಒಳಗೆ ಹೋದರೆ ಸಾಕಿತ್ತು.

“ಹೂಂ ಕಣವ್ವ. ಚೆನ್ನಾಗಿ ಓದೋರಿಗೆ ಹಾಗೇ ಬರೋದು. ನಿಂಗೀಗ ಓದು ಬಂದಾಯ್ತು, ಇನ್ನು ಈ ಕ್ಲಾಸಿಗೆ ಬರಬೇಕಾಗಿಲ್ಲ.”

ಅವಳು ನಕ್ಕಳು. ಆ ನಗು — ಅದನ್ನು ನಾನು ಇಲ್ಲಿ ಬರೆಯಲಾರೆ.

ಆಮೇಲೆ ಪಾಂಡವಪುರ, ನಾಗಮಂಗಲದ ಕಡೆಯಿಂದ ಮೇಷ್ಟರುಗಳು ನಮ್ಮ ಗೋಡೆ ನೋಡಲು ಬಂದರು. ಶ್ರೀರಂಗಪಟ್ಟಣದಲ್ಲಿ ನಡೆದ ಟೀಚರುಗಳ ಸಭೆಯೊಂದರಲ್ಲಿ ಹಿಂದುಳಿದ ಮಕ್ಕಳಿಗೆ ಓದು ಕಲಿಸುವುದು ಹೇಗೆಂದು ಮಾತಾಡಿದೆ, ಶಾಲು ಹೊದಿಸಿಕೊಂಡೆ. ಹತ್ತನೇ ಕ್ಲಾಸಿನಲ್ಲಿ ಪುಟ್ಟಲಕ್ಷ್ಮಿ ಒಮ್ಮೆ ಬಂದು, “ಇತ್ತಿತ್ಲಾಗೆ ಏನೂ ಓದಕ್ ಆಯ್ತಿಲ್ಲ ಮಿಸ್” ಎಂದಳು. ಪರೀಕ್ಷೆ ಭಯ ಅಷ್ಟೆ ಎಂದು ಕಳಿಸಿದೆ. ಅವಳು ಫೇಲಾದಳು, ಓದು ಬಿಟ್ಟಳು. ನಾನು ವರ್ಗ ಮಾಡಿಸಿಕೊಂಡು ಬೇರೆ ಊರಿಗೆ ಹೋದೆ.

ಕಳೆದ ವರ್ಷ ಪಾಂಡವಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಗೆ ಕಾಯುತ್ತ ನಿಂತಿದ್ದಾಗ ಯಾರೋ ಬಂದು ಕೈ ಹಿಡಿದುಕೊಂಡರು. ಆ ದೊಡ್ಡ ಕಣ್ಣಿನಿಂದ ಗುರುತು ಸಿಕ್ಕಿತು — ಪುಟ್ಟಲಕ್ಷ್ಮಿ. ಅದೇ ಊರಿಗೆ ಮದುವೆಯಾಗಿ ಬಂದಿದ್ದಾಳಂತೆ. ಮಗಳು ಎರಡನೇ ಕ್ಲಾಸು. ನಾಚುತ್ತ ನನ್ನನ್ನು ಗೋಡೆಯ ಬದಿಗೆ ಕರೆದುಕೊಂಡು ಹೋದಳು.

“ಮಿಸ್, ನೀವು ಅಷ್ಟ್ ಚೆಂದಾಗ್ ಕಲ್ಸಿದ್ರಿ. ನಾನೇ ಎಲ್ಲಾ ಮರ್ತ್‌ಬುಟ್ಟೆ. ಒಂದಕ್ಸರಾನೂ ನಿಲ್ನಿಲ್ಲ. ತಲೇಲಿ ಏನೋ ಕಾಯ್ಲೆ ಇರ್ಬೇಕು ಅಂತ ಮೈಸೂರ್ಗೂ ಕರ್ಕಂಡೋಗಿ ತೋರ್ಸಿದ್ರು. ಏನೂ ಇಲ್ಲ ಅಂದ್ರು ಡಾಕ್ಟ್ರು. ಆದ್ರೆ ಓದ್ ಬತ್ತಿದ್ದೋಳಿಗೆ ಮರ್ತೋಯ್ತದಾ ಮಿಸ್, ನೀವೇ ಯೋಳಿ? ನಮ್ಮತ್ತೆ ತಾವ್ ನುಂಗೋ ಮಾತ್ರೇನೂ ನನ್ ಕೈಗ್ ಕೊಡಾಕಿಲ್ಲ, ಮರವಿನೋಳು ಅಂತ.” ಆಮೇಲೆ ದನಿ ಇನ್ನೂ ತಗ್ಗಿಸಿ, “ನನ್ ಮಗೀಗೂ ಈ ಕಾಯ್ಲೆ ಬತ್ತದಾ?” ಎಂದಳು.

ಬರಲ್ಲವ್ವ ಎಂದೆ. ಅಷ್ಟೇ ಅಂದಿದ್ದು. ಪಂಕ್ತಿಗೆ ಕರೆದರು, ಹೋಗಿ ಕೂತೆ, ಉಂಡೆ ಕೂಡ.

ನಾನು ಅವಳಿಗೆ ಓದು ಕಲಿಸಲಿಲ್ಲ, ಅದಕ್ಕೇ ಅವಳ ಬಾಳು ಹೀಗಾಯಿತು ಎಂದಷ್ಟೇ ಅದುವರೆಗೆ ತಿಳಿದಿದ್ದೆ. ಆದರೆ ಇದು — ಇಲ್ಲದ ಓದನ್ನು ಇದೆಯೆಂದು ಅವಳ ತಲೆಯಲ್ಲಿಟ್ಟೆ. ಅದನ್ನು ಕಳೆದುಕೊಂಡೆನೆಂದು ಅವಳು ಇಷ್ಟು ವರ್ಷ ತನ್ನಲ್ಲೇ ರೋಗ ಹುಡುಕುತ್ತಿದ್ದಳು. ಆಮೇಲೆ ಯಾವ ಮಗು ಪುಸ್ತಕದ ಮೇಲೆ ಬೆರಳಿಟ್ಟರೂ ನನಗೆ ಅವಳ ಬೆರಳೇ ಕಾಣುತ್ತಿತ್ತು. ಕ್ಲಾಸಿನಲ್ಲಿ ಯಾರಾದರೂ ‘ಮರ್ತೋಯ್ತು ಮಿಸ್’ ಎಂದರೆ ಬರೆಯುವುದನ್ನು ಅಲ್ಲಿಗೇ ಬಿಟ್ಟು ಆ ಮಗುವಿನ ಪುಸ್ತಕ ತೆಗೆದು ನೋಡುತ್ತಿದ್ದೆ.

ಪತ್ರ ಬರೆಯೋಣವೆಂದುಕೊಂಡೆ — ಯಾರಿಗೆ ಬರೆಯುವುದು? ಓದಲಾರದವಳಿಗೆ ಬಾಯಿಂದಲೇ ಹೇಳಬೇಕಿತ್ತು. ಒಂದು ಭಾನುವಾರ ಬಸ್ಸು ಹತ್ತಿ ಪಾಂಡವಪುರಕ್ಕೆ ಹೋಗಿ, ವಿಚಾರಿಸಿಕೊಂಡು ಅವಳ ಮನೆ ಹುಡುಕಿದೆ.

ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಫಿ ಕಾಯಿಸಲು ಎದ್ದವಳನ್ನು ತಡೆದು ಕೂರಿಸಿ, ಎಲ್ಲವನ್ನೂ ಹೇಳಿದೆ. ಬೇರೆ ಪುಟ. ಅದನ್ನು ತಿರುವಿದ ನನ್ನ ಕೈ. ಸಾಹೇಬರ ಚಪ್ಪಾಳೆ. “ನಿನಗೆ ಓದು ಬಂದೇ ಇರಲಿಲ್ಲ ಪುಟ್ಟಲಕ್ಷ್ಮಿ. ನೀನು ಏನನ್ನೂ ಮರೆತಿಲ್ಲ. ನನಗೆ ಅವತ್ತೇ ಗೊತ್ತಿತ್ತು.”

ಅವಳ ಕೈ ನಿಂತಿತು.

“ಅಂಗಾರೆ ನಂಗ್ಯಾವ್ ಕಾಯ್ಲೇನೂ ಇರ್ನಿಲ್ಲ.”

ಅದು ಪ್ರಶ್ನೆಯಾಗಿರಲಿಲ್ಲ. ನಾನು ಅಳತೊಡಗಿದೆ. ಈಗಲೂ ಕಲಿಸುತ್ತೇನೆ, ವಾರವಾರ ಬರುತ್ತೇನೆ ಎಂದೆಲ್ಲ ಏನೇನೋ ಅಂದೆ. ಅವಳು ನನ್ನ ಅಳು ನೋಡುತ್ತ ಕೂತಿದ್ದಳು.

“ಕಲೀತೀನಿ. ನಿಮ್ತಾವ ಬ್ಯಾಡ ಮಿಸ್.”

ಆಮೇಲೆ ಮೊರ ಪಕ್ಕಕ್ಕಿಟ್ಟು ಎದ್ದು, ಬಾಗಿಲಲ್ಲಿ ನಿಂತು ಒಳಗೆ ಕೂಗಿದಳು: “ಅತ್ತೆ, ವಸಿ ಈಚೀಕ್ ಬನ್ನಿ. ಅವ್ರನ್ನೂ ಕರೀರಿ.”

ಅತ್ತೆ ಬಂದರು. ಗಂಡ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದ. ಪುಟ್ಟಲಕ್ಷ್ಮಿ ಅವರ ಪಕ್ಕಕ್ಕೆ ಹೋಗಿ ನಿಂತು ನನ್ನ ಕಡೆ ತಿರುಗಿದಳು.

“ಈಗ ಇನ್ನೊಂದ್ಸಲ ಯೋಳಿ ಮಿಸ್. ಎಲ್ರಿಗೂ ಕೇಳಂಗ್ ಯೋಳಿ.”

ನಾನು ಕಣ್ಣೊರೆಸಿಕೊಂಡು ಎದ್ದುನಿಂತೆ. ಮೊದಲಿನಿಂದ, ಏನನ್ನೂ ಬಿಡದೆ ಹೇಳಿದೆ. ಹೊರಡುವಾಗ ಯಾರೂ ‘ಹೋಗ್ಬನ್ನಿ’ ಎನ್ನಲಿಲ್ಲ.