ಗುಲಾಬಿಯ ಕಣ್ಣಪಟ್ಟಿ

ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಸಂಗನಬಸವನ ಅಂಗಡಿ. ಮುಂದೆ ಮೀನಿನ ತೊಟ್ಟಿಗಳು, ಒಳಗೆ ನಾಯಿಗಳಿಗೆ ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಕಟ್ಟೆ, ಗೋಡೆಯ ಮೇಲೆ 'ಕುದುರೆ ಸವಾರಿ ಕಲಿಸಲಾಗುವುದು' ಎಂಬ ಬೋರ್ಡು. ಕುದುರೆ ಮಾತ್ರ ಅಲ್ಲಿಲ್ಲ. ಅದು ಭೂತನಾಳದ ದಾರಿಯಲ್ಲಿ ಒಂದು ಬಯಲಿನಲ್ಲಿರುತ್ತದೆ, ಹೆಸರು ಗುಲಾಬಿ. ವಾರದಲ್ಲಿ ಆರು ದಿನ ನಾಯಿ ತೊಳೆದು, ಭಾನುವಾರ ಮಕ್ಕಳನ್ನು ಗುಲಾಬಿಯ ಮೇಲೆ ಕೂರಿಸುವವನು ಪರಸಪ್ಪ.

ಐವತ್ತೆರಡು ವರ್ಷದ ಪರಸಪ್ಪ ಮೂಲತಃ ಟಾಂಗಾದವನು. ಅವನ ಅಪ್ಪನೂ ಸ್ಟೇಶನ್ನಿನ ಮುಂದೆ ಟಾಂಗಾ ನಿಲ್ಲಿಸಿಯೇ ಮುದುಕನಾದವನು. ಗುಲಾಬಿ ಮರಿಯಿದ್ದಾಗ ಪರಸಪ್ಪನೇ ಬಬಲೇಶ್ವರದ ಸಂತೆಯಿಂದ ನಡೆಸಿಕೊಂಡು ಬಂದಿದ್ದ. ಆಟೋಗಳ ಕಾಲದಲ್ಲಿ ಟಾಂಗಾ ಹತ್ತುವವರೇ ಇಲ್ಲದಾದಾಗ ಗಾಡಿ ಮಾರಿದ, ಕುದುರೆ ಮಾರಲು ಮನಸ್ಸಾಗಲಿಲ್ಲ. ಅಂಗಡಿಯ ಕೆಲಸಕ್ಕೆ ಸಂಗನಬಸವ ಕರೆದ, ಇವನು ಕುದುರೆಯ ಸಮೇತ ಹೋದ. "ನನ್ನ ತಲಿಗಿ ಒಂದಿನಾ ಎಣ್ಣಿ ಹಚ್ಚಲಿಲ್ಲ, ಮಂದಿ ನಾಯಿಗಿ ಶಾಂಪೂ ಹಚ್ಚತಾನ" ಎಂದು ಹೆಂಡತಿ ರೇಣುಕವ್ವ ಓಣಿಯಲ್ಲೆಲ್ಲ ನಗಾಡಿದಳು. ಪರಸಪ್ಪನೂ ನಕ್ಕ. ಆಗ ಅವನಿಗೆ ನಗು ಬರುತ್ತಿತ್ತು.

ಟಾಂಗಾ ಕುದುರೆಗೆ ಕಣ್ಣಪಟ್ಟಿ ಇರುತ್ತದೆ. ಅಕ್ಕಪಕ್ಕದ್ದು ಕಂಡು ಬೆದರದಿರಲಿ ಎಂದು ಎರಡೂ ಕಣ್ಣಿನ ಬದಿಗೆ ಕಟ್ಟುವ ತೊಗಲಿನ ತುಂಡು ಅದು. ಗುಲಾಬಿ ಹನ್ನೆರಡು ವರ್ಷ ಲೋಕವನ್ನು ನೋಡಿದ್ದು ಅದರೊಳಗಿಂದಲೇ, ಮುಂದಿನ ರಸ್ತೆಯಷ್ಟೇ. ಸವಾರಿ ಕಲಿಸುವಾಗಲೂ ಪರಸಪ್ಪ ಅದನ್ನು ಬಿಚ್ಚಿರಲಿಲ್ಲ. ಆದರೆ ಅಂಗಡಿಯ ಪ್ರಚಾರಕ್ಕೆ ಸಂಗನಬಸವ ಮೊಬೈಲಿನಲ್ಲಿ ಹಾಕಿದ ಫೋಟೋ ನೋಡಿ ಯಾರೋ 'ಪಾಪ, ಕುದುರೆಯ ಕಣ್ಣು ಮುಚ್ಚಿದ್ದಾರೆ' ಎಂದು ಬರೆದರು.

"ಅದನ್ನ ಬಿಚ್ಚೋ ಪರಸಪ್ಪ. ಛಲೋ ಕಾಣಂಗಿಲ್ಲ" ಎಂದ ಸಂಗನಬಸವ.

ಬಿಚ್ಚುವುದಾದರೆ ಒಂದು ತಿಂಗಳಾದರೂ ಬರಿಗಣ್ಣಿನಲ್ಲಿ ಅಡ್ಡಾಡಿಸಬೇಕು, ಅಲ್ಲಿಯವರೆಗೆ ಯಾರನ್ನೂ ಹತ್ತಿಸಬಾರದು. ಇದು ಪರಸಪ್ಪನಿಗೆ ಗೊತ್ತಿತ್ತು. ಹೇಳಲಿಲ್ಲ. ಮಾಲಕರ ಮುಂದೆ ಯಾಕೆ ವಾದ ಎಂದುಕೊಂಡು ಸಂಕ್ರಮಣ ಮುಗಿದ ಭಾನುವಾರ ಪಟ್ಟಿ ಬಿಚ್ಚಿ ಜೇಬಿಗಿಟ್ಟ. ಅವತ್ತು ಮೊದಲು ಹತ್ತಿದವಳು ಟಿಕೋಟಾದ ವಿಶಾಖಾ.

ಹತ್ತು ವರ್ಷದ ಹುಡುಗಿ. ಅಪ್ಪ ಅಜಿತ ಸಾಲಿ ಮಾಸ್ತರ. ಪ್ರತಿ ಭಾನುವಾರ ಮೊದಲ ಬಸ್ಸಿಗೆ ಮಗಳನ್ನು ಕರೆತರುತ್ತಿದ್ದರು. ಪರಸಪ್ಪ ಕಲಿಸಿದ ಮಕ್ಕಳಲ್ಲಿ ಲಗಾಮನ್ನು ಅವಳಷ್ಟು ಹಗುರವಾಗಿ ಹಿಡಿದವರು ಇನ್ನೊಬ್ಬರಿಲ್ಲ. ಅವಳು ಎರಡನೇ ಸುತ್ತಿನಲ್ಲಿದ್ದಾಗ ಬೇಲಿಗೆ ಸಿಕ್ಕಿದ್ದ ಗೊಬ್ಬರದ ಚೀಲ ಗಾಳಿಗೆ ಪಟಪಟ ಬಡಿಯಿತು. ಎಡಗಡೆಯಿಂದ ಏನಾದರೂ ಮೇಲೆ ಬಂದದ್ದನ್ನು ಗುಲಾಬಿ ಜನ್ಮದಲ್ಲಿ ಕಂಡಿರಲಿಲ್ಲ. ಚಂಗನೆ ಬಲಕ್ಕೆ ಹಾರಿತು. ಹುಡುಗಿ ನೆಲಕ್ಕೆ ಬಿದ್ದಳು, ಮುಂಗೈ ಮುರಿಯಿತು.

ಅಜಿತ ಓಡಿಬಂದು, "ಏನಾತ್ರಿ?" ಎಂದರು.

"ಹುಡುಗಿ ಕುದುರಿ ಹೊಟ್ಟಿಗಿ ಹಿಂಬಡ ಜೋರ ಒತ್ತಿದಳ್ರಿ ಸರ" ಎಂದ ಪರಸಪ್ಪ.

ಸುಳ್ಳು ಹೇಳಬೇಕೆಂದು ಅವನು ಯೋಚಿಸಿರಲಿಲ್ಲ. ಬಾಯಿಗೆ ಅದೇ ಬಂತು. ವಿಶಾಖಾ ಅಳುತ್ತಲೇ ತಲೆಯೆತ್ತಿ ಅವನನ್ನೇ ನೋಡಿದಳು. ಅವನು ಬಗ್ಗಿ ಜೀನು ಸರಿ ಮಾಡತೊಡಗಿದ, ಜೀನು ಸರಿಯಾಗಿಯೇ ಇತ್ತು. ಸಂಜೆ ಯಾರೂ ಹೇಳದೆಯೇ ಗುಲಾಬಿಗೆ ಮತ್ತೆ ಪಟ್ಟಿ ಕಟ್ಟಿದ. ಸಂಗನಬಸವ ಅದನ್ನು ನೋಡಿಯೂ ಯಾಕೆಂದು ಕೇಳಲಿಲ್ಲ, ಕೇಳದಿರುವುದೇ ಇಬ್ಬರಿಗೂ ಅನುಕೂಲವಾಗಿತ್ತು.

ಅಂದಿನಿಂದ ಪರಸಪ್ಪನಿಗೆ ನಾಯಿಯ ಮುಂಗಾಲು ಹಿಡಿದು ತೊಳೆಯುವಾಗ ಆ ಮುಂಗೈ ನೆನಪಾಗುತ್ತಿತ್ತು. ಆಗಿದ್ದು ಆಗಿಹೋಯಿತು, ಎಲುಬು ಕೂಡಿಕೊಂಡರೆ ಎಲ್ಲ ಮುಗಿಯಿತು ಎಂದು ತನಗೆ ತಾನೇ ಹೇಳಿಕೊಂಡ.

ಎಲುಬು ಕೂಡಿತು. ಎರಡು ತಿಂಗಳ ಮೇಲೆ ಒಂದು ಶನಿವಾರ ಅಪ್ಪ ಮಗಳು ಅಂಗಡಿಗೆ ಬಂದರು. ಹುಡುಗಿಯ ಕೈಯ ಪ್ಲಾಸ್ಟರ್ ಬಿಚ್ಚಿಸಿದ್ದರು.

"ಒಂದು ಮೀನ ಕೊಡ್ರಿ" ಎಂದರು ಅಜಿತ. "ಕುದುರಿ ಇನ್ನ ಬ್ಯಾಡ ಅಂತಾಳ. ಕುದುರಿಗಿ ತನ್ನಿಂದ ತ್ರಾಸ ಆಗತೈತಿ ಅಂತ. ಮೀನಿಗಿ ಒತ್ತೂದು ಇರಂಗಿಲ್ಲಲಾ."

ಸಂಗನಬಸವ ಜೋರಾಗಿ ನಕ್ಕು ಒಂದು ಕೆಂಪು ಮೀನನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಬಿಟ್ಟ. ವಿಶಾಖಾ ಒಳಗೆ ಬಂದಳು. ಪರಸಪ್ಪನ ಮೊಣಕೈವರೆಗೂ ಸಾಬೂನಿನ ನೊರೆ. ಅವಳು ಕಾಗದದಲ್ಲಿ ಸುತ್ತಿದ ಬೆಲ್ಲದ ತುಂಡೊಂದನ್ನು ಕಟ್ಟೆಯ ಮೇಲಿಟ್ಟಳು.

"ಗುಲಾಬಿಗಿ ಕೊಡ್ರಿ ಕಾಕಾ. ನಾ ತಪ್ಪಾತು ಅಂದೀನಿ ಅಂತ ಹೇಳ್ರಿ."

ಪರಸಪ್ಪ ಬಾಯಿ ತೆರೆದ. ಹೊರಗೆ ಸಂಗನಬಸವನ ನಗು ಇನ್ನೂ ನಿಂತಿರಲಿಲ್ಲ. "ಹೂನವ್ವ" ಎಂದ, ಅಷ್ಟೇ. ಅವರು ಮೀನು ಹಿಡಿದುಕೊಂಡು ಹೋದರು.

ಅಂದು ಸಂಜೆ ಬಯಲಿಗೆ ಹೋಗಿ ಆ ಬೆಲ್ಲವನ್ನು ಅವನು ಗುಲಾಬಿಯ ಬಾಯಿಯ ಹತ್ತಿರ ಒಯ್ದ. ಗುಲಾಬಿ ತುಟಿ ಚಾಚಿತು. ಅವನ ಕೈ ಹಿಂದಕ್ಕೆ ಬಂತು. ಕಲಿಸುವವನ ತಪ್ಪಿಗೆ ಕಲಿಯುವ ಮಗು ಕುದುರೆಯ ಕ್ಷಮೆ ಕೇಳುತ್ತಿದೆ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮರುದಿನ ಸವಾರಿಗೆ ಬಂದ ಮಕ್ಕಳನ್ನು ವಾಪಸ್ಸು ಕಳಿಸಿ, ಬೆಲ್ಲವನ್ನೂ ಕಣ್ಣಪಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಟಿಕೋಟಾ ಬಸ್ ಹತ್ತಿದ. ಅಜಿತರ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಮಾಸ್ತರ ಮನೆ ಊರಿಗೇ ಗೊತ್ತಿತ್ತು. ಪಡಸಾಲೆಯ ಕಿಟಕಿಯಲ್ಲಿ ಗಾಜಿನ ಬರಣಿ, ಅದರೊಳಗೆ ಕೆಂಪು ಮೀನು. ವಿಶಾಖಾ ಅದರ ಮುಂದೆ ಕೂತಿದ್ದಳು. ಅಜಿತ ಚಹಾ ತರಿಸಲು ಹೊರಟರು.

"ಚಹಾ ಬ್ಯಾಡ್ರಿ ಸರ. ಮದಲ ಕೇಳ್ರಿ" ಎಂದು ಪರಸಪ್ಪ ಪಟ್ಟಿಯನ್ನು ನೆಲದ ಮೇಲಿಟ್ಟ. "ಇದು ಗುಲಾಬಿ ಕಣ್ಣಿಂದು. ಅವತ್ತ ನಾ ಇದನ್ನ ಬಿಚ್ಚಿದ್ನಿ. ಬಿಚ್ಚಿ ಹತ್ತಸಬಾರದು ಅಂತ ಗೊತ್ತಿದ್ದೂ ಹತ್ತಿಸಿದ್ನಿ. ಅದು ಚೀಲಕ್ಕ ಬೆದರಿ ಹಾರಿತು. ಇಕಿ ಏನೂ ಒತ್ತಿಲ್ರಿ. ಸುಳ್ಳ ಹೇಳಿದವ ನಾನು."

ಅಜಿತರ ಮುಖ ಕೆಂಪಾಯಿತು. ಬೈದರೆ ಬೈಯಲಿ ಎಂದು ಪರಸಪ್ಪ ತಲೆ ಬಗ್ಗಿಸಿದ. ಆದರೆ ಮೊದಲು ಮಾತಾಡಿದವಳು ಹುಡುಗಿ.

"ನಾ ಒತ್ತಿಲ್ಲ ಅಂತ ದವಾಖಾನ್ಯಾಗ ಅಪ್ಪಗ ಹೇಳಿದ್ದೆ" ಎಂದಳು. "ಕಲಸಾವ್ರು ಸುಳ್ಳ ಹೇಳತಾರೇನು ಅಂದ್ರು ಅಪ್ಪ. ಆಮ್ಯಾಗ ನನಗೂ ಒತ್ತೀನಿ ಅಂತನ ಅನಸ್ತು."

ಮಾಸ್ತರರು ಮಗಳ ಕಡೆ ನೋಡಲಾರದೆ ಬಾಗಿಲ ಕಡೆ ನೋಡಿದರು. ಇಡೀ ಊರು ಬೈದಿದ್ದರೂ ಪರಸಪ್ಪನಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವಳ ಕೈಯ ಎಲುಬಷ್ಟೇ ಅಲ್ಲ, ಅವಳು ಕಣ್ಣಾರೆ ಕಂಡ ನಿಜವನ್ನೂ ಅವನು ಮುರಿದಿದ್ದ. ಅವನು ಕಾಗದದ ಪೊಟ್ಟಣ ತೆಗೆದು ಅವಳ ಮುಂದಿಟ್ಟ.

"ಗುಲಾಬಿಗಿ ಕೊಡಲಿಲ್ಲೇನ್ರಿ?"

"ಇಲ್ಲವ್ವ. ನಿನ್ನ ತಪ್ಪ ಇರಲಿಲ್ಲ, ಹೆಂಗ ಕೊಡಲಿ?"

ವಿಶಾಖಾ ನೆಲದ ಮೇಲಿದ್ದ ಪಟ್ಟಿಯನ್ನು ಎತ್ತಿ ಪೊಟ್ಟಣದ ಮೇಲಿಟ್ಟು ಎರಡನ್ನೂ ಅವನ ಕಡೆಗೇ ಸರಿಸಿದಳು.

"ಹಂಗಾದ್ರ ನೀವ ಕೊಡ್ರಿ ಕಾಕಾ. ನಿಮ್ಮ ಹೆಸರ ಹೇಳಿ ಕೊಡ್ರಿ."

ಮುಂದಿನ ಭಾನುವಾರ ಸವಾರಿಗೆ ಬರುತ್ತೀಯಾ ಎಂದು ಕೇಳುವ ಧೈರ್ಯ ಪರಸಪ್ಪನಿಗೆ ಆಗಲಿಲ್ಲ. ಸಂಜೆ ಬಯಲಿಗೆ ಹೋಗಿ ಗುಲಾಬಿಯ ಮುಂದೆ ನಿಂತು, "ಪರಸಪ್ಪ ಕೊಡಾಕತ್ತಾನ" ಎಂದ. ಗುಲಾಬಿ ಬೆಲ್ಲ ತಿಂದು, ಇನ್ನೂ ಇದೆಯೇನೋ ಎಂದು ಅವನ ಖಾಲಿ ಕೈ ಮೂಸಿತು.